ಭಾಗಾಕಾರದ ಚುಕ್ಕಿ

ಅರಸೀಕೆರೆಯ ಡಯಾಲಿಸಿಸ್ ಕೇಂದ್ರದಲ್ಲಿ ಹೇಮಾಶ್ರೀಯನ್ನು ಎಲ್ಲರೂ ರುಕ್ಮಿಣಮ್ಮನ ಮಗಳೆಂದೇ ತಿಳಿದಿದ್ದರು. ಅವಳೂ ಯಾರನ್ನೂ ತಿದ್ದಲು ಹೋಗಿರಲಿಲ್ಲ. ರುಕ್ಮಿಣಮ್ಮ ಅವಳ ದೊಡ್ಡಮ್ಮ, ತಾಯಿಯ ಅಕ್ಕ. ಹುಲಿಕೆರೆಯಲ್ಲಿ ತಾಯಿ ತೀರಿಕೊಂಡಾಗ ಹೇಮಾಶ್ರೀ ಆರನೇ ಕ್ಲಾಸಿನಲ್ಲಿದ್ದಳು. ಹೊಲ, ಎಮ್ಮೆ ಎಂದು ಬೆಳಗಾದರೆ ಮನೆಯಿಂದ ಹೊರಗೇ ಇರುತ್ತಿದ್ದ ಅಪ್ಪ, ಹೆಣ್ಣುಮಗುವನ್ನು ನೋಡಿಕೊಳ್ಳುವುದು ತನ್ನಿಂದಾಗದು ಎಂದು ಅರಸೀಕೆರೆಗೆ ತಂದುಬಿಟ್ಟರು. ರುಕ್ಮಿಣಮ್ಮನಿಗೆ ಗಂಡನೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಸ್ಟೇಷನ್ ಹಿಂದಿನ ಬೀದಿಯಲ್ಲಿ ಒಂದು ಹೊಲಿಗೆ ಮಿಷನ್ನು ಇತ್ತು. ಆ ಮಿಷನ್ನಿನ ಪಕ್ಕದಲ್ಲೇ ಕೂತು ಓದಿದ ಹುಡುಗಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಊರಾಚೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಬೋಧಕಿಯಾದಳು.

ಅವಳು ಪಾಠ ಚೆನ್ನಾಗಿ ಹೇಳುತ್ತಿದ್ದಳು. ನಗುವುದು, ರೇಗುವುದು ಎರಡೂ ಕಡಿಮೆ. ಸಹೋದ್ಯೋಗಿಗಳು ಅವಳನ್ನು ತಣ್ಣಗಿನ ಸ್ವಭಾವದವಳು ಎನ್ನುತ್ತಿದ್ದರು. ಗೊತ್ತಾಗಿದ್ದ ಒಂದು ಮದುವೆ ತಪ್ಪಿಹೋದಾಗಲೂ ಮಾರನೇ ದಿನ ಎಂದಿನ ಹೊತ್ತಿಗೆ ಲ್ಯಾಬಿನ ಬಾಗಿಲು ತೆಗೆದಿದ್ದಳು. ರುಕ್ಮಿಣಮ್ಮನಿಗೆ ಮಾತ್ರ ಇದು ಅಭ್ಯಾಸವಾಗಿತ್ತು. "ನಮ್ಮ ಹೇಮಂಗೆ ಎಲ್ಲಾ ಒಳಗೇ ಐತೆ, ಈಚೆಗೆ ಬರಕ್ಕೆ ದಾರಿ ಇಲ್ಲ ಅಷ್ಟೆ" ಎಂದು ನೆರೆಮನೆಯವರಿಗೆ ಹೇಳುತ್ತಿದ್ದಳು.

ಸಕ್ಕರೆ ಕಾಯಿಲೆ ಹಳೆಯದಾಗಿ ರುಕ್ಮಿಣಮ್ಮನ ಎರಡೂ ಮೂತ್ರಪಿಂಡ ಕೆಟ್ಟವು. ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಕೇಂದ್ರ ಅದು. ಉದ್ದನೆಯ ಕೋಣೆಯಲ್ಲಿ ಸಾಲಾಗಿ ಹಾಸಿಗೆ, ಒಂದೊಂದರ ತಲೆದೆಸೆಯಲ್ಲಿ ಒಂದೊಂದು ಮಿಷನ್ನು. ರಕ್ತ ಒಂದು ಕೊಳವೆಯಲ್ಲಿ ಹೋಗಿ, ಸೋಸಿಕೊಂಡು, ಇನ್ನೊಂದರಲ್ಲಿ ಮೈಗೆ ಮರಳುತ್ತಿತ್ತು. ನಾಲ್ಕು ಗಂಟೆ ಮಲಗಿರಬೇಕು. ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಹೇಮಾಶ್ರೀ ಕಾಲೇಜಿನಿಂದ ನೇರವಾಗಿ ಅಲ್ಲಿಗೇ ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ವಿದ್ಯಾರ್ಥಿಗಳ ರೆಕಾರ್ಡುಗಳನ್ನು ತಿದ್ದುತ್ತಿದ್ದಳು.

ಪಕ್ಕದ ಹಾಸಿಗೆ ದೇವೀರಪ್ಪನವರದು. ಮಾಲೇಕಲ್ಲಿನ ಹತ್ತಿರ ಅವರ ತೆಂಗಿನ ತೋಟ. ಹಣೆಗೆ ವಿಭೂತಿ ಇಟ್ಟು, ಒಗೆದ ಬಿಳಿ ಪಂಚೆಯುಟ್ಟು, ಮದುವೆಮನೆಗೆ ಬಂದವರಂತೆ ಬರುತ್ತಿದ್ದರು. ಹೆಂಡತಿ ಮಹದೇವಮ್ಮ ಜೊತೆಗೆ ಬಂದರೂ ಹೊರಗಿನ ಬೆಂಚಿನಲ್ಲೇ ಕೂರುತ್ತಿದ್ದರು. ರಕ್ತ ಕಂಡರೆ ಅವರಿಗೆ ತಲೆ ಸುತ್ತುತ್ತಿತ್ತು. ದೇವೀರಪ್ಪನವರ ಬಾಯಿಗೆ ಬಿಡುವಿರಲಿಲ್ಲ. ಆ ಉದ್ದನೆಯ ಕೋಣೆಯಲ್ಲಿ ಎಲ್ಲರಿಗೂ ಬೇಕಾದ ಮನುಷ್ಯ ಅವರೊಬ್ಬರೇ ಎನ್ನಬಹುದು.

ಕೇಂದ್ರದ ಟೆಕ್ನಿಷಿಯನ್ ಚನ್ನೇಶ್ ತಿಂಗಳಿಗೊಮ್ಮೆ ಪ್ರತಿಯೊಬ್ಬರ ರಕ್ತವನ್ನು ಡಯಾಲಿಸಿಸ್‌ಗೆ ಮೊದಲು ಒಂದು ಸಲ, ಆದಮೇಲೆ ಒಂದು ಸಲ ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದ. ರಕ್ತದಲ್ಲಿ ಯೂರಿಯಾ ಎಂಬ ಕಲ್ಮಶ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಎಂದು ನೋಡುವ ಪರೀಕ್ಷೆ. ಆಮೇಲಿನದನ್ನು ಮೊದಲಿನದರಿಂದ ಭಾಗಿಸಿದರೆ ಎಷ್ಟು ಪಾಲು ಉಳಿಯಿತು ಎಂದು ಸಿಗುತ್ತದೆ, ಮಿಕ್ಕದ್ದು ಹೊರಹೋದ ಪಾಲು. ನೂರಕ್ಕೆ ಅರವತ್ತೈದರಷ್ಟಾದರೂ ಹೊರಹೋಗಿರಬೇಕು. ಅದಕ್ಕಿಂತ ಕಡಿಮೆಯಾದವರನ್ನು ಚನ್ನೇಶ್ ಅರ್ಧ ಗಂಟೆ ಹೆಚ್ಚಿಗೆ ಮಲಗಿಸುತ್ತಿದ್ದ. ಹಾಸನದಿಂದ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರ್ ಉಮಾಶಂಕರ್ ಅವರಿಗೆ ತೋರಿಸುತ್ತಿದ್ದ. ದೇವೀರಪ್ಪನವರು ಹಾಗೆ ಅರ್ಧ ಗಂಟೆ ಹೆಚ್ಚು ಮಲಗುವವರಲ್ಲಿ ಒಬ್ಬರು. "ನನ್ನೊಬ್ಬನ್ನೇ ಯಾಕ್ಲಾ ಕ್ಲಾಸ್ ಬಿಟ್ಟಮೇಲೂ ಕೂರಿಸ್ತೀಯ" ಎಂದು ಪ್ರತಿಸಲ ಚನ್ನೇಶನ ಮೇಲೆ ಗೊಣಗುತ್ತಿದ್ದರು.

ಆ ವರ್ಷ ಯುಗಾದಿ ಕಳೆದ ಮೇಲೆ ಹೊಸ ಹಾಸಿಗೆಗಳು ಬಂದವು, ರೋಗಿಗಳೂ ಹೆಚ್ಚಾದರು. ಒಂದು ಶನಿವಾರ ಚನ್ನೇಶ್ ಕ್ಯಾಲ್ಕುಲೇಟರ್ ಒತ್ತುತ್ತಾ, ತಪ್ಪಿ, ಮತ್ತೆ ಮೊದಲಿನಿಂದ ಒತ್ತುವುದನ್ನು ಹೇಮಾಶ್ರೀ ನೋಡಿದಳು.

"ಇದನ್ನ ಕಂಪ್ಯೂಟರ್‌ಗೆ ಹಾಕಬಹುದಲ್ಲ" ಎಂದಳು.

"ಹಾಕೋರು ಯಾರು ಮೇಡಂ?"

"ನಾನು ಬರ್ಕೊಡ್ತೀನಿ."

ಅವಳಾಗಿ ಯಾರಿಗಾದರೂ ಏನನ್ನಾದರೂ ಮಾಡಿಕೊಡುತ್ತೇನೆ ಎಂದದ್ದು ಅಪರೂಪ. ರುಕ್ಮಿಣಮ್ಮ ಮಲಗಿದ್ದಲ್ಲಿಂದಲೇ ಕತ್ತು ಹೊರಳಿಸಿ ನೋಡಿದಳು.

ಕಾಲೇಜಿನಲ್ಲಿ ಹೇಮಾಶ್ರೀ ಕಲಿಸುತ್ತಿದ್ದುದು ಮ್ಯಾಟ್ರಿಕ್ಸ್ ಲೆಕ್ಕಕ್ಕೆಂದೇ ಮಾಡಿದ ಒಂದು ಕಂಪ್ಯೂಟರ್ ಭಾಷೆ. ಅದರಲ್ಲೇ ಬರೆದಳು. ಗೋಡೆಯ ಬೋರ್ಡಿನಲ್ಲಿ ಚನ್ನೇಶ್ ರೋಗಿಗಳ ಹೆಸರನ್ನು ಅಡ್ಡಸಾಲಿನಲ್ಲಿ ಬರೆಯುತ್ತಿದ್ದನಾದ್ದರಿಂದ ಅವಳೂ ಹಾಗೇ ಇಟ್ಟಳು: ಡಯಾಲಿಸಿಸ್‌ಗೆ ಮೊದಲಿನ ಯೂರಿಯಾ ಒಂದು ಸಾಲು, ಆಮೇಲಿನದು ಅದರ ಕೆಳಗೆ ಇನ್ನೊಂದು ಸಾಲು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸು, ಬಂದದ್ದನ್ನು ಫಲಿತಾಂಶದ ಸಾಲಿಗೆ ತುಂಬು, ಒಬ್ಬೊಬ್ಬರಿಗೂ ಒಂದು ಚೀಟಿ ಮುದ್ರಿಸು. ದೊಡ್ಡಮ್ಮನ ಹಳೆಯ ವರದಿಯೊಂದನ್ನು ಹಾಕಿ ಪರೀಕ್ಷಿಸಿದಳು. ಚನ್ನೇಶ್ ಕ್ಯಾಲ್ಕುಲೇಟರಿನಲ್ಲಿ ಮಾಡಿದ್ದ ಉತ್ತರವೇ ಬಂತು.

ಚೀಟಿಯಲ್ಲಿ ಸಂಖ್ಯೆ ಬೇಡ ಎಂದು ತೀರ್ಮಾನಿಸಿದವಳೂ ಅವಳೇ. ಅರವತ್ತಾರು, ಎಪ್ಪತ್ತೊಂದು ಎಂದು ಕಂಡರೆ ದೊಡ್ಡಮ್ಮ ಪಕ್ಕದವರ ಜೊತೆ ಹೋಲಿಸಿಕೊಂಡು ಕೊರಗುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಹೆಸರಿನ ಕೆಳಗೆ "ಸಾಕು" ಅಥವಾ "ಸಾಲದು" ಎಂಬ ಒಂದೇ ಪದ ಬರುವಂತೆ ಮಾಡಿದಳು. ಡಾಕ್ಟರರ ಪ್ರತಿಯಲ್ಲೂ ಅಷ್ಟೇ.

ಮೊದಲ ತಿಂಗಳು ಎಲ್ಲರಿಗೂ "ಸಾಕು" ಬಂತು. ಚನ್ನೇಶನಿಗೆ ಆಶ್ಚರ್ಯವಾಗಲಿಲ್ಲ, ಹೊಸ ಫಿಲ್ಟರುಗಳು ಬಂದಿದ್ದವು, ಅದರ ಗುಣ ಎಂದುಕೊಂಡ. ದೇವೀರಪ್ಪನವರು ಚೀಟಿಯನ್ನು ಎತ್ತಿ ಹಿಡಿದು ಕೋಣೆಗೆಲ್ಲ ತೋರಿಸಿದರು.

"ನೋಡ್ರಪ್ಪ, ಪಾಸಾದೆ. ನಮ್ಮ ಮೇಡಂ ಕಂಪ್ಯೂಟರಲ್ಲಿ ನನ್ನ ಬೇಗ ಬಿಡಿಸವ್ರೆ!"

ಅರ್ಧ ಗಂಟೆಯ ಹೆಚ್ಚುವರಿ ನಿಂತಿತು. ಅವರಿಗೆ ಮೊದಲಿನ ಬಸ್ಸೇ ಸಿಗತೊಡಗಿತು. ಮುಂದಿನ ವಾರ ಒಂದು ಗೋಣಿಚೀಲದಲ್ಲಿ ಸುಲಿದ ತೆಂಗಿನಕಾಯಿ ತಂದು ಹೇಮಾಶ್ರೀಯ ಕುರ್ಚಿಯ ಪಕ್ಕ ಇಡಿಸಿದರು. ಅವಳು ಬೇಡವೆಂದಳು. "ಇರ್ಲಿ ತಗೊಳವ್ವ, ಹೊತ್ಕೊಂಡು ವಾಪಸ್ ಹೋಗಕ್ಕೆ ನನ್ ಕೈಲಾಗಕಿಲ್ಲ" ಎಂದರು.

ಎರಡನೆಯ ತಿಂಗಳೂ ಎಲ್ಲರಿಗೂ "ಸಾಕು". ಮೂರನೆಯ ತಿಂಗಳೂ. ಈ ಮಧ್ಯೆ ರುಕ್ಮಿಣಮ್ಮನಿಗೆ ಮೈಯೆಲ್ಲ ನವೆ ಹತ್ತಿತು, ಊಟ ಸೇರದಾಯಿತು. ಬೇಸಗೆ ಎಂದುಕೊಂಡರು. ದೇವೀರಪ್ಪನವರ ಪಾದ ಊದಿತು, ಮಾತು ಕಡಿಮೆಯಾಯಿತು, ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬು ಒಟ್ಟಿಕೊಂಡು ಕೂತೇ ಇರುತ್ತಿದ್ದರು. ಡಾಕ್ಟರ್ ನೀರು ಕಡಿಮೆ ಕುಡಿಯಲು ಹೇಳಿದರು, ಮಾತ್ರೆ ಬದಲಿಸಿದರು, ಚೀಟಿ ನೋಡಿದರು. ಚೀಟಿಯಲ್ಲಿ "ಸಾಕು" ಎಂದಿತ್ತು. ಆಷಾಢದ ಒಂದು ಬೆಳಿಗ್ಗೆ ತೋಟದ ಮನೆಯ ಜಗಲಿಯಲ್ಲಿ ಕಾಫಿ ಲೋಟ ಕೈಯಲ್ಲಿರುವಾಗಲೇ ದೇವೀರಪ್ಪನವರು ಒರಗಿದರು. ಶನಿವಾರ ಅವರ ಹಾಸಿಗೆಯಲ್ಲಿ ಬಾಣಾವರದ ಒಬ್ಬ ಡ್ರೈವರ್ ಮಲಗಿದ್ದ. ಚನ್ನೇಶ್ ಬೋರ್ಡಿನಲ್ಲಿ ಒಂದು ಹೆಸರು ಒರೆಸಿ ಇನ್ನೊಂದು ಬರೆದಿದ್ದ. ರುಕ್ಮಿಣಮ್ಮ ಆ ನಾಲ್ಕು ಗಂಟೆಯೂ ಗೋಡೆಯ ಕಡೆಗೆ ಮುಖ ಮಾಡಿಕೊಂಡಿದ್ದಳು. ಹೇಮಾಶ್ರೀ ರೆಕಾರ್ಡು ತಿದ್ದಿದಳು.

ಗೌರಿಹಬ್ಬದ ರಜೆ ಮುಗಿದು ಕಾಲೇಜು ಶುರುವಾದ ವಾರ. ಹೊಸ ಬ್ಯಾಚಿಗೆ ಭಾಗಾಕಾರದ ಪಾಠವಿತ್ತು. ಒಂದಷ್ಟು ಹೊಲಗಳ ರಾಗಿ ಇಳುವರಿಯನ್ನು ಅವುಗಳ ಎಕರೆಯಿಂದ ಭಾಗಿಸಿ, ಯಾವ ಹೊಲದಲ್ಲಿ ಎಕರೆಗೆ ಎಷ್ಟು ಬೆಳೆಯಿತು ಎಂದು ಕಂಡುಹಿಡಿಯುವ ಅಭ್ಯಾಸ ಕೊಟ್ಟಿದ್ದಳು. ಮುಂದಿನ ಸಾಲಿನ ಹುಡುಗಿ ಕೈಯೆತ್ತಿದಳು.

"ಮೇಡಂ, ನಂಗೆ ಒಂದೇ ನಂಬರ್ ಬಂತು. ಹೊಲ ಐದಿದೆ."

ಹೇಮಾಶ್ರೀಗೆ ಪರದೆ ನೋಡುವ ಅಗತ್ಯವೂ ಇರಲಿಲ್ಲ. ವರ್ಷ ವರ್ಷವೂ ಯಾರಾದರೊಬ್ಬರು ಇದೇ ತಪ್ಪು ಮಾಡುತ್ತಿದ್ದರು. "ಭಾಗಾಕಾರದ ಗೆರೆಗೆ ಮುಂಚೆ ಚುಕ್ಕಿ ಇಡೋದು ಬಿಟ್ಟಿದ್ದೀಯ" ಎಂದು ಬೋರ್ಡಿನ ಹತ್ತಿರ ಹೋದಳು. ಮೇಲಿನ ಸಾಲಿನಲ್ಲಿ ಆರು, ಎಂಟು ಎಂದು ಬರೆದಳು. ಕೆಳಗೆ ಎರಡು, ನಾಲ್ಕು.

"ಚುಕ್ಕಿ ಇಟ್ಟರೆ ಆರನ್ನ ಎರಡರಿಂದ, ಎಂಟನ್ನ ನಾಲ್ಕರಿಂದ, ಅವರವರದನ್ನ ಅವರವರದರಿಂದ ಭಾಗಿಸುತ್ತೆ. ಮೂರು, ಎರಡು ಅಂತ ಎರಡು ಉತ್ತರ ಬರುತ್ತೆ. ಚುಕ್ಕಿ ಬಿಟ್ಟರೆ ಅದು ಮ್ಯಾಟ್ರಿಕ್ಸ್ ಭಾಗಾಕಾರ. ಆಗ ಕಂಪ್ಯೂಟರು ಸಾಲನ್ನ ಇಡಿಯಾಗಿ ನೋಡುತ್ತೆ. ಕೆಳಗಿನ ಸಾಲನ್ನ ಯಾವ ಒಂದು ಸಂಖ್ಯೆಯಿಂದ ಗುಣಿಸಿದರೆ ಮೇಲಿನ ಸಾಲಿಗೆ ಆದಷ್ಟು ಹತ್ತಿರ ಬರುತ್ತೆ ಅಂತ ಹುಡುಕಿ ಕೊಡುತ್ತೆ. ಇಲ್ಲಿ ಎರಡು ಪಾಯಿಂಟ್ ಎರಡು."

"ಹಾಗಾದ್ರೆ ಅದು ತಪ್ಪು ಉತ್ತರಾನಾ ಮೇಡಂ?"

"ತಪ್ಪಲ್ಲ. ಬೇರೆ ಪ್ರಶ್ನೆಗೆ ಸರಿಯಾದ ಉತ್ತರ. ಸಮೀಕರಣಗಳನ್ನ ಬಿಡಿಸೋವಾಗ ನಮಗೆ ಅದೇ ಬೇಕು. ಆದ್ದರಿಂದ ಅದು ತಪ್ಪು ಅಂತ ನಿಲ್ಲಲ್ಲ, ಎಚ್ಚರಿಸಲ್ಲ."

"ಒಂದೇ ಹೊಲ ಇದ್ರೆ?"

"ಒಂದೇ ಇದ್ರೆ ಚುಕ್ಕಿ ಇದ್ರೂ ಒಂದೇ, ಬಿಟ್ರೂ ಒಂದೇ. ವ್ಯತ್ಯಾಸ ಗೊತ್ತಾಗಲ್ಲ."

ಇಷ್ಟು ಹೇಳಿದವಳು ಸೀಮೆಸುಣ್ಣ ಹಿಡಿದು ಹಾಗೇ ನಿಂತಳು. ಪರೀಕ್ಷಿಸುವಾಗ ತಾನು ಹಾಕಿದ್ದು ದೊಡ್ಡಮ್ಮನೊಬ್ಬಳದೇ ವರದಿ ಎಂಬುದು ನೆನಪಾಯಿತು. ತಾನು ಬರೆದ ಆ ಸಾಲು ಕಣ್ಣಿಗೆ ಕಟ್ಟಿದಂತೆ ಕಂಡಿತು. ಅದರಲ್ಲಿ ಚುಕ್ಕಿ ಇರಲಿಲ್ಲ.

ಹುಡುಗಿಯ ಪರದೆಯ ಮೇಲೆ ಐದು ಉತ್ತರಗಳು ಬಂದವು. ಹೇಮಾಶ್ರೀ ಉಳಿದವರದನ್ನೂ ನೋಡಿದಳು, ಹಾಜರಿ ಕರೆದಳು, ಗಂಟೆ ಹೊಡೆಯುವವರೆಗೂ ಲ್ಯಾಬಿನಲ್ಲೇ ಇದ್ದಳು. ಆಮೇಲೆ ಅರ್ಧ ದಿನದ ರಜೆ ಬರೆದುಕೊಟ್ಟು ಆಟೋ ಹಿಡಿದಳು. ಆಟೋದಲ್ಲಿ ಎದೆ ಹೊಡೆದುಕೊಳ್ಳುತ್ತದೇನೋ ಎಂದು ಕಾದಳು. ಏನೂ ಆಗಲಿಲ್ಲ. ರೈಲ್ವೆ ಗೇಟು ಹಾಕಿತ್ತು. ಉದ್ದನೆಯ ಗೂಡ್ಸ್ ಗಾಡಿ ಹೋಗುವುದನ್ನು ಡ್ರೈವರನ ಜೊತೆ ಸುಮ್ಮನೆ ನೋಡುತ್ತಾ ಕೂತಳು.

ಚನ್ನೇಶ್ ಊಟ ಮಾಡುತ್ತಿದ್ದ. ಅವಳು ಕಂಪ್ಯೂಟರ್ ತೆರೆದು, ಸಾಲು ಹುಡುಕಿ, ಚುಕ್ಕಿ ಇಟ್ಟಳು. ಹಿಂದಿನ ತಿಂಗಳುಗಳ ಅಂಕಿಗಳನ್ನೆಲ್ಲ ಮತ್ತೆ ಓಡಿಸಿದಳು. ಈಗ ಹೆಸರಿನ ಕೆಳಗೆ ಒಂದೊಂದು ಬೇರೆ ಬೇರೆ ಸಂಖ್ಯೆ ಬಂತು. ಎಪ್ಪತ್ತೆರಡು, ಎಪ್ಪತ್ತು, ಅರವತ್ತೊಂಬತ್ತು. ಬಹಳ ಜನ ಚೆನ್ನಾಗಿಯೇ ಇದ್ದರು. ಅವರ ಚೆನ್ನಾಗಿರುವಿಕೆಯೇ ಸೇರಿ ಒಂದು ಒಳ್ಳೆಯ ಸಂಖ್ಯೆಯಾಗಿ, ಅದು ಅರವತ್ತೈದು ದಾಟಿ, ಎಲ್ಲರ ಹೆಸರಿನ ಕೆಳಗೂ ಹೋಗಿ ಕೂತಿತ್ತು. ರುಕ್ಮಿಣಮ್ಮನದು ಅರವತ್ತು. ದೇವೀರಪ್ಪನವರ ಕೊನೆಯ ತಿಂಗಳಿನದು ಐವತ್ತೊಂದು.

ಚನ್ನೇಶ್ ಕೈ ತೊಳೆದು ಬಂದು ಹಿಂದೆ ನಿಂತ. ಅವಳು ವಿವರಿಸಿದಳು. ಅವನಿಗೆ ಮ್ಯಾಟ್ರಿಕ್ಸ್ ಅರ್ಥವಾಗದಿದ್ದರೂ ಐವತ್ತೊಂದು ಅರ್ಥವಾಯಿತು.

"ನಾನು ಅವ್ರ ಎಕ್ಸ್‌ಟ್ರಾ ಟೈಮ್ ನಿಲ್ಲಿಸ್ಬಿಟ್ಟೆ ಮೇಡಂ."

"ಚೀಟಿ ನೋಡಿ ನಿಲ್ಲಿಸಿದಿರಿ. ಚೀಟಿ ನಂದು."

"ಯಾರಿಗೂ ಹೇಳದು ಬ್ಯಾಡ. ಸರಿ ಮಾಡಿದ್ರಲ್ಲ, ಇನ್ಮೇಲೆ ಸರಿ ಬತ್ತದೆ. ಹೋದೋರು ಹೋದ್ರು."

"ಡಾಕ್ಟರಿಗೆ ಹೇಳ್ತೀನಿ ಚನ್ನೇಶ್. ಇವತ್ತಿನಿಂದ್ಲೇ ಕೆಲವರನ್ನ ಜಾಸ್ತಿ ಹೊತ್ತು ಇಟ್ಕೋಬೇಕು. ಯಾಕೆ ಅಂತ ಅವರು ಕೇಳ್ತಾರೆ."

ಮಾರನೇ ದಿನ ಡಾಕ್ಟರ್ ಉಮಾಶಂಕರ್ ಬರುವ ಸರದಿ. ಅವರು ಸಂಖ್ಯೆಗಳನ್ನು ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ಓದಿದರು. ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ದೇವೀರಪ್ಪನವರ ಹೃದಯ ಮೊದಲೇ ಸೋತಿತ್ತು. ಇದರಿಂದಲೇ ಹೋದರು ಅಂತ ನಾನು ಹೇಳೋಕಾಗಲ್ಲ. ಇದರಿಂದ ಅಲ್ಲ ಅಂತಲೂ ಹೇಳೋಕಾಗಲ್ಲ. ಐವತ್ತೊಂದು ಅಂತ ಕಂಡಿದ್ದರೆ ಸೂಜಿ ಹಾಕೋ ಕೈ ನಾಳ ಕಿರಿದಾಗಿ ರಕ್ತ ಸರಿಯಾಗಿ ಹರೀತಿಲ್ವಾ ಅಂತ ಹಾಸನದಲ್ಲಿ ನೋಡಿಸ್ತಿದ್ದೆ. ಕಾಲು ಊದಿದ್ದು ನನ್ನ ಕಣ್ಣಿಗೂ ಕಾಣ್ತಿತ್ತು. ಚೀಟಿ ಸರಿ ಇದೆಯಲ್ಲ ಅಂತ ನಾನೂ ಸುಮ್ಮನಾದೆ."

"ಅವರ ಮನೆಗೆ ಹೇಳಬೇಕಲ್ವಾ ಸರ್?"

"ಹೇಳಬೇಕು. ಟ್ರಸ್ಟಿನವರಿಗೆ ನಾನು ಬರೀತೀನಿ. ಮನೆಯವರಿಗೆ ನಾನೇ ಫೋನ್ ಮಾಡ್ತೀನಿ. ನೀವು ಹೋಗಬೇಕಾಗಿಲ್ಲ."

"ನಾನು ಹೋಗ್ತೀನಿ" ಎಂದಳು ಹೇಮಾಶ್ರೀ. ಧೈರ್ಯದಿಂದ ಹೇಳಿದಳು ಎಂದು ಡಾಕ್ಟರ್ ಅಂದುಕೊಂಡಿರಬಹುದು. ಅವಳಿಗೆ ಅದು ಧೈರ್ಯವೂ ಅನಿಸಲಿಲ್ಲ, ಭಯವೂ ಅನಿಸಲಿಲ್ಲ. ಹೋಗಬೇಕಿತ್ತು, ಅಷ್ಟೆ.

ಭಾನುವಾರ ಬೆಳಿಗ್ಗೆ ಮಾಲೇಕಲ್ಲಿನ ಕಡೆಯ ಬಸ್ಸು ಹತ್ತಿದಳು. ಬೆಟ್ಟದ ದೇವರಿಗೆ ಹೋಗುವವರು ಬಸ್ಸಿನ ತುಂಬ ಇದ್ದರು. ಮುಡಿ ಕೊಡಲು ಕರೆದೊಯ್ಯುತ್ತಿದ್ದ ಒಂದು ಮಗು ಅವಳ ತೊಡೆಯ ಮೇಲೆ ಕೂತು ಬಂತು. ಬೆಟ್ಟಕ್ಕೆ ಮುಂಚೆಯೇ ಇಳಿದು, ಕೇಳಿಕೊಂಡು ತೋಟದ ಮನೆಗೆ ನಡೆದಳು. ಮಹದೇವಮ್ಮ ಅಂಗಳದಲ್ಲಿ ಕೊಬ್ಬರಿ ಒಣಹಾಕುತ್ತಿದ್ದರು. ಗುರುತು ಹಿಡಿದು, "ರುಕ್ಮಿಣಮ್ಮೋರು ಹೆಂಗವ್ರೆ?" ಎಂದು ಕೇಳುತ್ತಾ ಜಗಲಿಯಲ್ಲಿ ಚಾಪೆ ಹಾಸಿದರು. ಮಗಳು ಪ್ರತಿಮಾ ಒಳಗಿನಿಂದ ಮಜ್ಜಿಗೆ ತಂದಳು. ತಿಪಟೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತಿದ್ದವಳು ತಂದೆ ಹೋದಮೇಲೆ ಅಮ್ಮನ ಜೊತೆ ಇರಲು ಬಂದಿದ್ದಳು.

ಹೇಮಾಶ್ರೀ ಮಜ್ಜಿಗೆ ಮುಟ್ಟದೆ ಹೇಳಿದಳು. ಲೆಕ್ಕ ಹೇಗೆ ಮಾಡುತ್ತಾರೆ, ತಾನು ಏನು ಬರೆದುಕೊಟ್ಟೆ, ಎಲ್ಲಿ ತಪ್ಪಿತು, ಅದರಿಂದ ದೇವೀರಪ್ಪನವರ ಚೀಟಿಯಲ್ಲಿ ಏನು ಬಂತು, ಏನು ಬರಬೇಕಿತ್ತು. ಪಾಠ ಹೇಳುವ ದನಿಯಲ್ಲೇ ಹೇಳಿದಳು. ಬೇರೆ ದನಿ ಅವಳಿಗೆ ಸಿಗಲಿಲ್ಲ. ಡಾಕ್ಟರ್ ಹೇಳಿದ ಎರಡು ಮಾತನ್ನೂ ಬಿಡದೆ ಹೇಳಿದಳು.

ಮಹದೇವಮ್ಮ ಕೈಯಲ್ಲಿದ್ದ ಕೊಬ್ಬರಿ ಹೋಳನ್ನು ತಿರುಗಿಸುತ್ತಾ ಕೇಳಿದರು. ಆಮೇಲೆ, "ಆ ಚೀಟಿ ಬಂದ್ಮೇಲೆ ಅವ್ರಿಗೆ ಬೋ ಖುಸಿ ಆಗಿತ್ತು" ಎಂದರು. "ಮೊದಲ್ನೇ ಬಸ್ಸಿಗೇ ಬತ್ತಿದ್ವಿ. ಹೊತ್ತಿಗೆ ಮುಂಚೆ ಪೂಜೆಗೆ ಕೂರೋರು. ಸಾಲ್ದು ಅಂತ ಬಂದಿದ್ರೆ ಅರ್ಧ ಗಂಟೆ ಕೂತಿರೋರೋ, ಜಗಳ ಆಡಿ ಎದ್ದು ಬರೋರೋ. ನಂಗೇನ್ ಗೊತ್ತಾಯ್ತದೆ."

"ಅಮ್ಮ, ನೀನು ಸುಮ್ನಿರು" ಎಂದಳು ಪ್ರತಿಮಾ. ಹೇಮಾಶ್ರೀಯ ಕಡೆ ತಿರುಗಿದಳು. "ನೀವು ಬಂದು ಹೇಳಿದ್ರಿ. ಆಯ್ತು. ಈಗ ನಾವೇನು ಮಾಡ್ಬೇಕು ಅಂತ ನಿಮ್ಮ ಆಸೆ? ಪರವಾಗಿಲ್ಲ ಅನ್ಬೇಕಾ?"

"ಇಲ್ಲ."

"ಮತ್ತೆ? ನಿಮ್ಮ ಮುಖದಲ್ಲಿ ಒಂಚೂರೂ ಏನೂ ಕಾಣಲ್ವಲ್ರೀ. ನಮ್ಮಪ್ಪ ಕಣ್ರೀ ಅದು. ನೀವು ಯಾವುದೋ ಲೆಕ್ಕ ಒಪ್ಪಿಸೋಹಾಗೆ ಹೇಳ್ತಿದ್ದೀರ."

ಹೇಮಾಶ್ರೀಗೆ ಪ್ರತಿಮಾ ಹೇಳಿದ್ದು ನಿಜ ಎಂದು ಮಾತ್ರ ತೋರಿತು.

"ದಯವಿಟ್ಟು ಹೋಗಿ" ಎಂದಳು ಪ್ರತಿಮಾ.

ಅವಳು ಎದ್ದಳು. ಮಹದೇವಮ್ಮ ತಡೆಯಲಿಲ್ಲ, ಬೈಯಲೂ ಇಲ್ಲ. ಅಂಗಳ ದಾಟುವಾಗ ಹಿಂದಿನಿಂದ ಅವರ ದನಿ ಬಂತು: "ರುಕ್ಮಿಣಮ್ಮಂಗೆ ಈಗ ಸರಿ ಮಾಡವ್ರಾ?" ಹೇಮಾಶ್ರೀ ತಿರುಗಿ ನಿಂತು, ಮಾಡುತ್ತಿದ್ದಾರೆ ಎಂದಳು. ತೋಟದ ಅಂಚಿನಲ್ಲಿ ಹೊಸ ಸಮಾಧಿಯ ಮೇಲೆ ಯಾರೋ ಬೆಳಿಗ್ಗೆ ಇಟ್ಟ ಕಣಗಿಲೆ ಹೂ ಇತ್ತು. ಅದರ ಮುಂದೆಯೇ ಹಾದು ರಸ್ತೆಗೆ ಬಂದಳು.

ಮನೆಯಲ್ಲಿ ರುಕ್ಮಿಣಮ್ಮನಿಗೂ ಎಲ್ಲ ಹೇಳಿದಳು. ದೊಡ್ಡಮ್ಮ ಮೊಣಕೈ ಕೆರೆದುಕೊಳ್ಳುತ್ತಾ, "ನಂದೂ ಹಂಗೇ ಬಂದಿತ್ತಾ?" ಎಂದು ಕೇಳಿದಳು.

"ಹೂಂ. ಅರವತ್ತು."

"ನಾನು ಉಳ್ಕಂಡೆ, ಅವ್ರು ಹೋದ್ರು" ಎಂದಳು ರುಕ್ಮಿಣಮ್ಮ. ಅಷ್ಟು ಹೇಳಿ ಅತ್ತಳು. ಹೇಮಾಶ್ರೀ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಹಾಸನದಲ್ಲಿ ಪರೀಕ್ಷೆ ಮಾಡಿದಾಗ ರುಕ್ಮಿಣಮ್ಮನ ಕೈ ನಾಳ ಒಂದು ಕಡೆ ಕಿರಿದಾಗಿರುವುದು ಕಂಡಿತು. ಅಗಲ ಮಾಡಿದರು. ದೀಪಾವಳಿಯ ಹೊತ್ತಿಗೆ ನವೆ ಇಳಿದು, ಅವಳು ಮತ್ತೆ ಉಪ್ಪಿಲ್ಲದ ಸಾರಿನ ಮೇಲೆ ಸಿಟ್ಟಾಗುವಷ್ಟು ಚೇತರಿಸಿಕೊಂಡಳು. ಟ್ರಸ್ಟಿನವರು ಸಭೆ ಸೇರಿ, ಪ್ರೋಗ್ರಾಮನ್ನು ತೆಗೆಯುವುದು ಬೇಡ, ಆದರೆ ಚನ್ನೇಶ್ ಕೈಯಲ್ಲೂ ಲೆಕ್ಕ ಮಾಡಿ ಎರಡನ್ನೂ ತಾಳೆ ನೋಡಬೇಕು ಎಂದು ತೀರ್ಮಾನಿಸಿದರು. ಚೀಟಿಯಲ್ಲಿ ಸಂಖ್ಯೆ ಬರುವಂತಾಯಿತು. ಹೇಮಾಶ್ರೀಯ ಮೇಲೆ ಯಾರೂ ದೂರು ಕೊಡಲಿಲ್ಲ. ಕೇಂದ್ರದಲ್ಲಿ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಕೆಲವರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು, ಕೆಲವರು ಮೊದಲಿನಂತೆಯೇ ಇದ್ದರು. ಅವಳು ಆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂರುವುದನ್ನು ಬಿಡಲಿಲ್ಲ.

ಕಾರ್ತಿಕದಲ್ಲಿ ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಾನು ಪ್ರತಿಮಾ. ಅಪ್ಪಂದು ಎಷ್ಟು ಅಂತ ಹೇಳಿದ್ರಿ ಅವತ್ತು? ನಂಗೆ ಮರ್ತೋಗಿದೆ."

"ಕೊನೇ ತಿಂಗಳು ಐವತ್ತೊಂದು."

"ಅದಕ್ಕೆ ಮುಂಚೆ?"

"ಐವತ್ತಾರು. ಅದಕ್ಕೂ ಮುಂಚೆ ಐವತ್ತೊಂಬತ್ತು."

"ಇಳೀತಾನೇ ಇತ್ತು."

"ಹೌದು."

ಪ್ರತಿಮಾಳ ಹಿಂದೆ ಎಲ್ಲೋ ಕೊಬ್ಬರಿ ಒಡೆಯುವ ಸದ್ದು. ಹೇಮಾಶ್ರೀ ಫೋನ್ ಇಡಲಿಲ್ಲ. ಪ್ರತಿಮಾಳೇ ಒಂದಷ್ಟು ಹೊತ್ತಾದ ಮೇಲೆ ಇಟ್ಟಳು. ಮತ್ತೆ ಅವಳ ಫೋನ್ ಬರಲಿಲ್ಲ.

ಬೇಲೂರಿನಲ್ಲಿ ಅಂಥದೇ ಒಂದು ಸಣ್ಣ ಕೇಂದ್ರ ತೆರೆದದ್ದು ಮುಂದಿನ ವರ್ಷ. ಅಲ್ಲಿನ ಟೆಕ್ನಿಷಿಯನ್ ಪುಷ್ಪಲತಾ, ಚನ್ನೇಶನಿಂದ ಕೇಳಿ ತಿಳಿದು, ಆ ಪ್ರೋಗ್ರಾಮ್ ತಮಗೂ ಹಾಕಿಕೊಡುತ್ತೀರಾ ಎಂದು ಹೇಮಾಶ್ರೀಗೆ ಫೋನ್ ಮಾಡಿದಳು. ಹೇಮಾಶ್ರೀ ಆಗುವುದಿಲ್ಲ ಎಂದಳು. ಒಂದು ವಾರ ಬಿಟ್ಟು ತಾನೇ ಫೋನ್ ಮಾಡಿ ಬರುತ್ತೇನೆ ಎಂದಳು. ಯಾಕೆ ಮನಸ್ಸು ಬದಲಾಯಿತೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ.

ಜಾವಗಲ್, ಹಳೇಬೀಡು ದಾಟಿ ಬಸ್ಸು ಬೇಲೂರು ಸೇರುವ ಹೊತ್ತಿಗೆ ಬಿಸಿಲೇರಿತ್ತು. ಪುಷ್ಪಲತಾ ಚುರುಕಿನ ಹೆಂಗಸು. ಕೆಲಸ ಮಾಡುತ್ತಲೇ ಮಾತಾಡುತ್ತಿದ್ದಳು. ಹೇಮಾಶ್ರೀ ಈ ಸಲ ಒಬ್ಬರದಲ್ಲ, ಎಲ್ಲ ರೋಗಿಗಳ ವರದಿಯನ್ನೂ ಹಾಕಿ, ಒಂದೊಂದನ್ನೂ ಕೈಯಲ್ಲಿ ಭಾಗಿಸಿ, ಪರದೆಯ ಸಂಖ್ಯೆಯ ಜೊತೆ ಹೋಲಿಸಿ ನೋಡಿದಳು.

"ಇಷ್ಟೊಂದು ಯಾಕೆ ಮೇಡಂ? ಅರಸೀಕೆರೇಲಿ ನಡೀತಿದೆಯಲ್ಲ" ಎಂದಳು ಪುಷ್ಪಲತಾ.

ಹೇಮಾಶ್ರೀ ಯಾಕೆಂದು ಹೇಳಿದಳು. ದೇವೀರಪ್ಪನವರ ಹೆಸರನ್ನೂ ಹೇಳಿದಳು. ಪುಷ್ಪಲತಾಳ ಕೈ ನಿಂತಿತು. ಕುರ್ಚಿ ಎಳೆದುಕೊಂಡು ಬಂದು ಕೂತು, "ಆ ಚುಕ್ಕಿ ಎಲ್ಲಿದೆ ತೋರಿಸಿ" ಎಂದಳು. ತೋರಿಸಿದ ಮೇಲೆ, ಅದನ್ನು ತೆಗೆದರೆ ಏನಾಗುತ್ತದೆ ಎಂದು ತಾನೇ ತೆಗೆದು ನೋಡಿದಳು, ಮತ್ತೆ ಇಟ್ಟಳು.

ಪಟ್ಟಿಯಲ್ಲಿ ಮುದ್ದಮ್ಮ ಎಂಬವಳದು ಐವತ್ತೆಂಟು ಬಂದಿತ್ತು. ಬಿಕ್ಕೋಡಿನ ಕಡೆಯ ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡಿದ್ದ ಹೆಂಗಸು. ಆ ಹೊತ್ತಿಗೆ ಅಲ್ಲೇ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದಳು. ಪುಷ್ಪಲತಾ ಹೋಗಿ, ಡಾಕ್ಟರನ್ನು ಫೋನಿನಲ್ಲಿ ಕೇಳಿಕೊಂಡಿದ್ದೇನೆ, ಇವತ್ತು ಅರ್ಧ ಗಂಟೆ ಹೆಚ್ಚು ಇರಬೇಕು ಎಂದಳು.

"ಆಗಕಿಲ್ಲ ಕಣವ್ವ" ಎಂದಳು ಮುದ್ದಮ್ಮ. "ನಮ್ಮ ಕಡೆ ಜೀಪು ಹೊಂಟೋಯ್ತದೆ. ಅದು ಬಿಟ್ರೆ ಸಂಜೆ ಬಸ್ಸೇಯ. ಒಬ್ಳೇ ಬಸ್ ಸ್ಟ್ಯಾಂಡಲ್ಲಿ ಹೆಂಗೆ ಕೂರನ? ತಲೆ ತಿರುಗ್ತದೆ."

ಪುಷ್ಪಲತಾಳಿಗೆ ಮುಂದಿನ ಸರದಿಯ ರೋಗಿಗಳಿದ್ದರು. ಹೇಮಾಶ್ರೀ ಹಾಸಿಗೆಯ ಹತ್ತಿರ ಬಂದಳು.

"ನಾನು ನಿಮ್ಮ ಜೊತೆ ಕೂತಿರ್ತೀನಿ. ಬಸ್ಸು ಹತ್ತಿಸಿ ಹೋಗ್ತೀನಿ."

"ನೀನ್ಯಾರವ್ವ?"

"ಅರಸೀಕೆರೆಯಿಂದ ಬಂದಿದೀನಿ. ಲೆಕ್ಕ ಮಾಡೋಳು."

ಮುದ್ದಮ್ಮ ಅವಳನ್ನು ಒಂದು ಗಳಿಗೆ ನೋಡಿ, ಸರಿ ಎನ್ನುವಂತೆ ಕಣ್ಣು ಮುಚ್ಚಿದಳು. ಮಿಷನ್ನು ತಿರುಗುತ್ತಲೇ ಇತ್ತು. ಆಮೇಲೆ ಇಬ್ಬರೂ ನಿಧಾನವಾಗಿ ಬಸ್ ಸ್ಟ್ಯಾಂಡಿಗೆ ನಡೆದರು. ದೇವಸ್ಥಾನ ನೋಡಲು ಬಂದವರ ಬಸ್ಸುಗಳ ನಡುವೆ ಬಿಕ್ಕೋಡಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿಕೊಂಡು, ನೆರಳಿದ್ದ ಕಲ್ಲುಬೆಂಚಿನಲ್ಲಿ ಕೂತರು. ಮುದ್ದಮ್ಮ ಕಾಫಿ ಕೊಯ್ಲಿನ ವಿಷಯ, ಸೊಸೆಯ ವಿಷಯ, ಎಸ್ಟೇಟಿಗೆ ಬಂದುಹೋದ ಆನೆಯ ವಿಷಯ ಹೇಳಿದಳು. ಹೇಮಾಶ್ರೀ ಹೂಂಗುಟ್ಟಿದಳು. ಬಸ್ಸು ಬಂದಾಗ ಮುಂದಿನ ಸೀಟು ಹಿಡಿದು ಅವಳನ್ನು ಕೂರಿಸಿ, ಎಲ್ಲಿ ಇಳಿಸಬೇಕೆಂದು ಕಂಡಕ್ಟರನಿಗೆ ಹೇಳಿದಳು.

"ಮುಂದಿನ ಕಿತವೂ ಬತ್ತೀಯಾ?" ಎಂದು ಮುದ್ದಮ್ಮ ಕಿಟಕಿಯಿಂದ ಕೇಳಿದಳು.

ಹೇಮಾಶ್ರೀ ಯೋಚಿಸಿದಳು. ಬುಧವಾರ, ಶನಿವಾರ ದೊಡ್ಡಮ್ಮನದು. ಶುಕ್ರವಾರ ಮಧ್ಯಾಹ್ನ ಅವಳಿಗೆ ಕ್ಲಾಸಿರಲಿಲ್ಲ.

"ಶುಕ್ರವಾರ ಆದ್ರೆ ಬರ್ತೀನಿ" ಎಂದಳು.

ಬಸ್ಸು ಹೊರಟಿತು. ಅವಳು ಹಳೇಬೀಡಿನ ಬಸ್ಸು ಎಲ್ಲಿ ಎಂದು ನೋಡುತ್ತಾ ಆ ಬದಿಗೆ ದಾಟಿದಳು.